ಹತ್ತೊಂಬತ್ತನೆಯ ಗುಂಡು

ಸೀಮೆಎಣ್ಣೆಯೂ ಗ್ರೀಸೂ ಬೆರೆತ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನಾನು ಆ ಜಾಗದಲ್ಲಿ ನಿಲ್ಲಲಾರೆ. ಹೋದ ತಿಂಗಳು ಮಧುಗಿರಿಯಲ್ಲಿ ನನ್ನ ಸ್ಕೂಟರ್ ಪಂಚರಾಗಿ, ತಳ್ಳಿಕೊಂಡು ಗ್ಯಾರೇಜೊಂದಕ್ಕೆ ಹೋಗಿದ್ದೆ. ಅಲ್ಲಿ ಮೆಕಾನಿಕ್ಕನೊಬ್ಬ ಹಳೇ ಕಾಲದ ಮೋಟಾರ್ ಸೈಕಲ್ಲೊಂದರ ಹ್ಯಾಂಡಲ್ ಬಿಚ್ಚಿಟ್ಟು, ಎಲ್ಲಿಂದ ತಂದಿದ್ದನೋ ಸೀಮೆಎಣ್ಣೆಯನ್ನು ತಗಡಿನ ತಟ್ಟೆಗೆ ಸುರಿದುಕೊಂಡು ಏನನ್ನೋ ತೊಳೆಯುತ್ತಿದ್ದ. "ಕೂತ್ಕಳಿ ಆಂಟಿ, ಐದ್ನಿಮಿಷ" ಎಂದು ಸ್ಟೂಲು ಎಳೆದುಕೊಟ್ಟ. ನನಗೆ ಕೂರಲಾಗಲಿಲ್ಲ. ಎದುರಿನ ಬೇಕರಿಯ ಮುಂದೆ ಹೋಗಿ ನಿಂತೆ. ಐವತ್ತು ದಾಟಿದ ಹೆಂಗಸು ನಾನು, ದಿನವೂ ಸ್ಕೂಟರ್ ಓಡಿಸುವವಳು. ಆದರೂ ಅವನು ಕರೆಯುವವರೆಗೂ ಆ ಕಡೆ ತಿರುಗಿ ನೋಡಲಿಲ್ಲ.

ಅದು ನನ್ನ ಮಾವನವರ ವಾಸನೆ. ಅವರ ಅಂಗಿಗೆ, ಟವೆಲ್ಲಿಗೆ, ಅವರು ಊಟಕ್ಕೆ ಕೂರುತ್ತಿದ್ದ ಮಣೆಗೆ ಕೂಡ ಅದೇ ವಾಸನೆ ಇರುತ್ತಿತ್ತು.

ಮದುವೆಯಾಗಿ ಗೌಡಗೆರೆ ಕಡೆಯ ಹಳ್ಳಿಯಿಂದ ಕೊರಟಗೆರೆಗೆ ಬಂದಾಗ ನನಗೆ ಇಪ್ಪತ್ತೆರಡು. ನಮ್ಮ ಅಪ್ಪ ಮೆಲುಮಾತಿನ ಮನುಷ್ಯ. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದರೂ ಗಂಟಲೆತ್ತಿ ಕೂಗಿದವರಲ್ಲ. ಮಾವನವರು ಬಾಯಿ ತೆರೆದರೆ ಬೀದಿಯ ಆ ತುದಿಗೆ ಕೇಳುತ್ತಿತ್ತು. ಖಾಸಗಿ ಬಸ್ಸಿನವರ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಮೇಸ್ತ್ರಿಯಾಗಿದ್ದವರು ಅವರು. ಬ್ರೇಕು ಮತ್ತು ಸ್ಟೇರಿಂಗು ಅವರ ಪಾಲಿನ ಕೆಲಸ. ಓಡುವ ಇಂಜಿನ್ನಿನ ಸದ್ದಿನ ನಡುವೆ ಕೂಗಿ ಕೂಗಿ ಗಂಟಲು ಹಾಗಾಗಿದೆ ಎಂದು ಅತ್ತೆ ಸಮಾಧಾನ ಹೇಳುತ್ತಿದ್ದರು. ನನಗೆ ಆ ಸಮಾಧಾನ ತಾಗುತ್ತಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಒಂದು ದಿನ ಕೊಬ್ಬರಿ ಒಡೆಯಲು ಏನೂ ಸಿಗದೆ, ಹಜಾರದ ಮೂಲೆಯಲ್ಲಿದ್ದ ಅವರ ಸ್ಪ್ಯಾನರ್ ಒಂದನ್ನು ತೆಗೆದುಕೊಂಡೆ. ಒಡೆದೆ, ತೊಳೆದೆ, ಒರೆಸಿ ಅಲ್ಲೇ ಇಟ್ಟೆ. ಆದರೆ ಇಟ್ಟ ಜಾಗ ಒಂದು ಗೇಣು ಆಚೆಗಿತ್ತಂತೆ. "ಯಾರ್ಲಾ ಇದ್ನ ಮುಟ್ದೋರು!" ಎಂದು ಅವರು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದು ನಿಂತರು. ನಾನೇ ಎಂದು ಹೇಳುವಷ್ಟು ಧೈರ್ಯ ನನಗೆ ಬರಲಿಲ್ಲ. ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಕೊನೆಗೆ ಅತ್ತೆಯೇ "ನಾನೇ ಮುಟ್ದೆ, ಈಗೇನು" ಎಂದರು. ಆಮೇಲೆ ಎಷ್ಟೋ ವರ್ಷ, ಅವರ ಚಪ್ಪಲಿಯ ಸದ್ದು ಬಾಗಿಲಲ್ಲಿ ಕೇಳಿದರೆ ಸಾಕು, ನಾನು ಏನು ಮಾಡುತ್ತಿದ್ದರೂ ಒಮ್ಮೆ ಸುತ್ತ ನೋಡಿಕೊಳ್ಳುತ್ತಿದ್ದೆ. ಏನು ತಪ್ಪು ಮಾಡಿದ್ದೇನೆ ಎಂದು ಹುಡುಕಿಕೊಳ್ಳುವ ಅಭ್ಯಾಸ ಅದು... ಕೈ ಎತ್ತಿದವರಲ್ಲ ಅವರು. ಒಂದು ಕೆಟ್ಟ ಮಾತು ಆಡಿದವರೂ ಅಲ್ಲ. ಬರೀ ಆ ಕಂಠ.

ಅವರಿಗೊಂದು ಮೋಟಾರ್ ಸೈಕಲ್ ಇತ್ತು. ನಾನು ಆ ಮನೆಗೆ ಬರುವ ಹೊತ್ತಿಗೇ ಅದು ಮುದಿಯಾಗಿತ್ತು. ಕರೀ ಬಣ್ಣದ ಟ್ಯಾಂಕು, ಅದರ ಎರಡು ಬದಿಗೂ ಮೊಣಕಾಲು ಒರಗಿಸಲು ರಬ್ಬರಿನ ತುಂಡು. ಅದರ ಕೆಲಸವನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಅವಳೊಬ್ಬಳಿಗೆ ಮಾತ್ರ ಮಾವನವರ ಭಯ ಇರಲಿಲ್ಲ. ತಾತ ಗಾಡಿ ತೆಗೆದರೆ ಓಡಿಹೋಗಿ ಟ್ಯಾಂಕಿನ ಮೇಲೆ ಕೂರಿಸು ಎಂದು ಕೈ ಚಾಚುತ್ತಿದ್ದಳು.

ಆ ವರ್ಷ ನನ್ನ ನಾದಿನಿಗೆ ಸಿರಾದಲ್ಲಿ ಹೆರಿಗೆಯಾಯಿತು. ಅತ್ತೆ ಬಾಣಂತನಕ್ಕೆಂದು ಮೊದಲೇ ಹೋಗಿದ್ದರು. ನನ್ನ ಗಂಡ ಲಾರಿಯಲ್ಲಿ ಹುಬ್ಬಳ್ಳಿಯ ಕಡೆಗೆ ಹೋಗಿದ್ದರು. ಮಗುವಿಗೆ ಹೆಸರಿಡುವ ದಿನ ಗೊತ್ತಾಯಿತು. ಮಾವನವರು ಮೊಮ್ಮಗಳನ್ನು ಕರೆದುಕೊಂಡು ಒಂದು ದಿನ ಮೊದಲೇ ಗಾಡಿಯಲ್ಲಿ ಹೋಗುವುದು, ನಾನು ಕೆಲಸಕ್ಕೆ ಹೋಗುತ್ತಿದ್ದ ಅಂಗನವಾಡಿ ಮುಗಿಸಿ ಅದೇ ದಿನ ಮಧ್ಯಾಹ್ನದ ಬಸ್ಸಿಗೆ ಹೊರಡುವುದು ಎಂದಾಯಿತು.

ಹೊರಡುವ ಹಿಂದಿನ ದಿನ ಅವರು ಗಾಡಿಯನ್ನು ಹಿತ್ತಿಲಿಗೆ ತಂದು, ಇಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು ನಿಲ್ಲಿಸಿದರು. ಮುಂದಿನ ಚಕ್ರ ನೆಲ ಬಿಟ್ಟಿತ್ತು. ಹ್ಯಾಂಡಲನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿದರು. ಸರಿಯಾಗಿ ನಡುಮಧ್ಯಕ್ಕೆ ಬಂದಾಗ ಅದು ಗುಳಿಗೆ ಬಿದ್ದ ಹಾಗೆ ನಿಂತುಬಿಡುತ್ತಿತ್ತು. "ಬಾಮ್ಮ ಇಲ್ಲಿ, ಕೈ ಬೇಕು" ಎಂದು ಕರೆದರು. ನನ್ನನ್ನು ಅವರು ಗಾಡಿಯ ಕೆಲಸಕ್ಕೆ ಕರೆದದ್ದು ಅದೇ ಮೊದಲು. ಮನೆಯಲ್ಲಿ ಬೇರೆ ಯಾರಿದ್ದರು...

ಹ್ಯಾಂಡಲ್ಲೂ, ಮುಂದಿನ ಚಕ್ರವನ್ನು ಎರಡು ಬದಿಯಿಂದ ಹಿಡಿದಿರುವ ಫೋರ್ಕಿನ ಕವಲೂ ಸೇರುವ ಕತ್ತಿನಲ್ಲಿ, ಮೇಲೊಂದು ಕೆಳಗೊಂದು ಉಕ್ಕಿನ ಬಟ್ಟಲು ಇರುತ್ತದೆ. ಅದರೊಳಗೆ ಬಟಾಣಿ ಕಾಳಿನಷ್ಟು ದಪ್ಪದ ಉಕ್ಕಿನ ಗುಂಡುಗಳು. ಅವು ಉರುಳಿದರೆ ಹ್ಯಾಂಡಲ್ ತಿರುಗುತ್ತದೆ. ಮಾವನವರು ಚಕ್ರ ಬಿಚ್ಚಿ, ಕವಲನ್ನು ಕೆಳಗಿಳಿಸಿದಾಗ ಹಳೆಯ ಗುಂಡುಗಳು ಗೋಣಿತಾಟಿನ ಮೇಲೆ ಉದುರಿದವು. ಕರ್ರಗೆ, ಮಂಕಾಗಿ, ಅಲ್ಲಲ್ಲಿ ಸಿಡುಬಿನ ಕಲೆಯಂತೆ ತೂತುಬಿದ್ದು. ಹಳೇ ಬಟ್ಟಲಿನೊಳಗೆ ನನ್ನ ಬೆರಳು ಹಿಡಿದು ಆಡಿಸಿ ತೋರಿಸಿದರು. ಗುಂಡುಗಳು ಕೂತು ಕೂತು ಸಾಲಾಗಿ ಗುಳಿ ಬಿದ್ದಿತ್ತು.

"ನೇರ ಹೋಗ್ತೈತೆ ಅಂತ ಓಡಿಸೋನು ಖುಷಿಯಾಗಿರ್ತಾನೆ. ನೇರ ಅಲ್ಲಮ್ಮ ಅದು, ಸಿಕ್ಕಾಕ್ಕಂಡಿರೋದು" ಎಂದರು.

ಹಳೇ ಬಟ್ಟಲುಗಳನ್ನು ಕಂಬಿಯಿಂದ ಹೊಡೆದು ತೆಗೆದು, ಹೊಸವನ್ನು ಮರದ ತುಂಡಿಟ್ಟು ಸುತ್ತಲೂ ಸಮನಾಗಿ ಬಡಿದು ಕೂರಿಸಿದರು. ಆಮೇಲೆ ಹಳದಿ ಗ್ರೀಸನ್ನು ದಪ್ಪಗೆ ಹಚ್ಚಿ, ಹೊಸ ಗುಂಡುಗಳ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು. ಅವರ ಬೆರಳು ದಪ್ಪ, ನನ್ನವು ಸಣ್ಣ. ಮೇಲೆ ಹತ್ತೊಂಬತ್ತು, ಕೆಳಗೆ ಹತ್ತೊಂಬತ್ತು. "ಒಂದು ಕಮ್ಮಿಯಾದ್ರೂ ಉಳಿದವು ಜರುಗ್ತವೆ. ಒಂದ್ರ ಮೇಲೊಂದು ಹತ್ತಿದ್ರೆ ಹ್ಯಾಂಡ್ಲು ಹಿಡ್ಕಂತದೆ. ತಿರುವಿನಾಗೆ ಹ್ಯಾಂಡ್ಲು ತಿರುಗ್ಲಿಲ್ಲ ಅಂದ್ರೆ ಮುಗೀತು, ಅಷ್ಟೇಯ" ಎಂದರು. ನಾನು ಉಸಿರು ಬಿಗಿಹಿಡಿದು ಎಣಿಸಿ ಎಣಿಸಿ ಅಂಟಿಸಿದೆ. ಗ್ರೀಸು ಗುಂಡುಗಳನ್ನು ಹಿಡಿದುಕೊಂಡಿತು.

ಇನ್ನು ಕವಲನ್ನು ಮೇಲಕ್ಕೆತ್ತಿ ಕತ್ತಿನೊಳಗೆ ತೂರಿಸಬೇಕು. ನಾನು ಕೆಳಗೆ ಕುಕ್ಕುರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಅದು ಇಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ತೋಳು ನಡುಗಿತು, ಕವಲು ಓರೆಯಾಯಿತು.

"ಹಿಡೀ! ನೆಟ್ಟಗೆ ಹಿಡೀ! ಬುಟ್ರೆ ಎಲ್ಲಾ ಉದುರ್ತವೆ!"

ಆ ಕೂಗಿಗೆ ನನ್ನ ಮೈಯೆಲ್ಲ ಬೆಚ್ಚಿತು. ಆ ಕ್ಷಣದಲ್ಲೇ ನನ್ನ ಕಾಲಿನ ಹತ್ತಿರ ಎಲ್ಲೋ ಟಿಕ್ ಎಂದು ಸಣ್ಣ ಸದ್ದು. ಕಣ್ಣು ಕೆಳಗೆ ಹಾಯಿಸಿದೆ, ಏನೂ ಕಾಣಲಿಲ್ಲ. ಗೋಣಿತಾಟಿನ ಮೇಲಿದ್ದ ಹಳೆಯ ಗುಂಡಿಗೆ ಕಾಲು ತಗಲಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳಬೇಕೆಂದು ಅಂದುಕೊಂಡೆ. ಮೇಲಿನಿಂದ ಅವರು ನಟ್ಟು ಹಿಡಿಸುತ್ತಾ ಕೇಳಿದರು, "ಕೆಳಗಿನ್ವು ಹತ್ತೊಂಬತ್ತೂ ಕೂತವೇನಮ್ಮ?"

"ಹೂಂ ಮಾವ" ಎಂದೆ.

ಅಷ್ಟೇ. ಆ ಒಂದು ಹೂಂ.

ಅವರು ಹ್ಯಾಂಡಲನ್ನು ಆ ಕಡೆ ಈ ಕಡೆ ಬಿಟ್ಟು ನೋಡಿದರು. ತನ್ನಷ್ಟಕ್ಕೇ ಬೆಣ್ಣೆಯಂತೆ ಹೊರಳಿತು. ಅವರ ಮುಖದಲ್ಲಿ ಸಮಾಧಾನ ಕಂಡು ನನಗೂ ಜೀವ ಬಂತು. ಸದ್ದನ್ನು ಮರೆತೆ... ಮರೆತೆ ಎಂದರೆ ಸುಳ್ಳು. ರೊಟ್ಟಿ ತಟ್ಟುವಾಗ ಒಮ್ಮೆ, ಮಗಳಿಗೆ ಜಡೆ ಹಾಕುವಾಗ ಒಮ್ಮೆ ಅದು ಕಿವಿಯಲ್ಲಿ ಕೇಳಿಸಿತು. ಹೋಗಿ ಹೇಳಬೇಕೆಂದು ಹಜಾರದವರೆಗೂ ಹೋಗಿ, ಅವರು ಕೈ ಉಜ್ಜಿಕೊಳ್ಳುತ್ತಾ ಕೂತಿದ್ದನ್ನು ಕಂಡು ವಾಪಸ್ ಬಂದೆ. ಹೇಳಿದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕಲ್ಲ, ಆ ಕಂಠವನ್ನು ಮತ್ತೆ ಕೇಳಬೇಕಲ್ಲ ಎಂದು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ತಾತ ಮೊಮ್ಮಗಳು ಹೊರಟರು. ಅವಳು ಟ್ಯಾಂಕಿನ ಮೇಲೆ ಕೂತು, ಹ್ಯಾಂಡಲಿನ ನಡುಭಾಗ ಹಿಡಿದು, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಹಿತ್ತಿಲು ಗುಡಿಸುತ್ತಿದ್ದೆ. ಒರಳುಕಲ್ಲಿನ ಬುಡದಿಂದ ಪೊರಕೆಗೆ ಸಿಕ್ಕಿ ಏನೋ ಉರುಳಿ ಬಂತು. ಮಣ್ಣು ಮೆತ್ತಿದ ಗುಂಡು. ಹಳೆಯದೇ ಇರಲಿ ದೇವರೇ ಎನ್ನುತ್ತಾ ಸೆರಗಿನಿಂದ ಒರೆಸಿದೆ. ಸೆರಗಿಗೆ ಹತ್ತಿದ್ದು ಹಳದಿ ಗ್ರೀಸು. ಒರೆಸಿದ ಮೇಲೆ ಅದು ಹೊಳೆಯಿತು. ಅದರಲ್ಲಿ ನನ್ನ ಮುಖ ಕಾಣುವಷ್ಟು ಹೊಳೆಯಿತು.

ಪೊರಕೆ ಅಲ್ಲೇ, ಬಾಗಿಲು ತೆರೆದದ್ದು ಹಾಗೆಯೇ, ನಾನು ಬಸ್ ನಿಲ್ದಾಣದ ಕಡೆ ಓಡುತ್ತಿದ್ದೆ. ಆಗ ಯಾರ ಹತ್ತಿರವೂ ಮೊಬೈಲ್ ಇರಲಿಲ್ಲ. ನಿಲ್ದಾಣದ ಎದುರಿನ ಫೋನ್ ಬೂತಿನಿಂದ ಸಿರಾಕ್ಕೆ ಮಾಡಿದೆ. ನಾದಿನಿಯ ಮನೆಯ ಪಕ್ಕದಲ್ಲಿ ಬಟ್ಟೆ ಅಂಗಡಿಯ ಸಾಬರೊಬ್ಬರಿದ್ದರು, ಆ ಬೀದಿಗೆಲ್ಲ ಅವರದೇ ಫೋನು.

"ನಿಮ್ ಮಾವನಾ? ಇನ್ನೂ ಬಂದಿಲ್ಲ ಬೇಟಿ. ಈಗಿನ್ನೂ ಎಂಟು ಗಂಟೆ ಅಲ್ವಾ, ಬರ್ತಾರೆ. ಕ್ಯಾ ಹುವಾ, ಯಾಕೆ ಅಳ್ತಾ ಇದೀಯಾ?"

ಬಂದ ಕೂಡಲೇ ಗಾಡಿ ಮುಟ್ಟಬೇಡಿ ಎನ್ನಿ ಎಂದೆನೋ, ಏನೆಂದೆನೋ. ಬಂದು ತಲುಪಿದ ಮೇಲೆ ಮುಟ್ಟಿದರೇನು, ಬಿಟ್ಟರೇನು. ಮಾತಿಗೆ ಅರ್ಥವೇ ಇರಲಿಲ್ಲ.

ಮಧುಗಿರಿಯ ಬಸ್ಸು ಸಿಕ್ಕಿತು. ಮುಂದೆ ಡ್ರೈವರನ ಹಿಂದಿನ ಕಂಬಿ ಹಿಡಿದು ನಿಂತೆ. ಒಂದೊಂದು ತಿರುವು ಬರುವಾಗಲೂ ಕಣ್ಣು ಮುಚ್ಚಬೇಕೆನಿಸುತ್ತಿತ್ತು, ಮುಚ್ಚಲು ಧೈರ್ಯವಾಗುತ್ತಿರಲಿಲ್ಲ. ಒಂದು ಮೋರಿಯ ಹತ್ತಿರ ಹತ್ತು ಹದಿನೈದು ಜನ ಗುಂಪುಗಟ್ಟಿ ಕೆಳಗೆ ಬಗ್ಗಿ ನೋಡುತ್ತಿದ್ದರು. ನನ್ನ ಬಾಯಿಂದ ಎಂಥದೋ ಸದ್ದು ಹೊರಟಿತು. ಬಸ್ಸು ಹತ್ತಿರವಾದಾಗ ಕಂಡಿತು, ಹಳ್ಳಕ್ಕಿಳಿದ ಎಮ್ಮೆಯೊಂದನ್ನು ಹಗ್ಗ ಹಾಕಿ ಎಳೆಯುತ್ತಿದ್ದರು. ಆ ಎಮ್ಮೆಗೆ ಕೈ ಮುಗಿದೆ.

ಮಧುಗಿರಿಯ ನಿಲ್ದಾಣದಲ್ಲಿ ಹೂ ಮಾರುವ ಹೆಂಗಸನ್ನು ಕೇಳಿದೆ. ಹಳೇ ಕರೀ ಗಾಡಿ, ಮುಂದೆ ಹೆಣ್ಣುಮಗು? "ಹೂಂ ಕಣಮ್ಮ, ಮಗೀಗೆ ಒಂದು ಮೊಳ ಕನಕಾಂಬರ ಮುಡಿಸ್ಕಂಡು ಹೋದ್ರು. ಸಿರಾ ರಸ್ತೆ ಹಿಡಿದ್ರು ನೋಡು" ಎಂದಳು. ಇಲ್ಲಿಯವರೆಗೆ ಬಂದಿದ್ದಾರೆ. ಹಾಗಾದರೆ ಗಾಡಿ ಸರಿಯಾಗಿಯೇ ಇದೆ ಎಂದು ಒಂದು ಮನಸ್ಸು. ಇಷ್ಟು ದೂರ ಬಂದಾಗ ಗುಂಡುಗಳು ಇನ್ನಷ್ಟು ಜರುಗಿರುತ್ತವೆ ಎಂದು ಇನ್ನೊಂದು ಮನಸ್ಸು. ಕನಕಾಂಬರ ಮುಡಿದ ತಲೆ ಕಣ್ಣ ಮುಂದೆ ಬಂದು, ಮುಂದಿನದನ್ನು ನೆನೆಯಲಾರದೆ ಕೈಯೊಳಗಿನ ಗುಂಡನ್ನು ಅಂಗೈಗೆ ಗುರುತು ಬೀಳುವಂತೆ ಒತ್ತಿಕೊಂಡೆ.

ಸಿರಾ ಬಸ್ಸು ತುಂಬಿತ್ತು. ನನ್ನ ಸ್ಥಿತಿ ನೋಡಿ ಕಂಡಕ್ಟರ್ ಟಿಕೆಟ್ ಕೇಳುವುದನ್ನು ಬಿಟ್ಟು "ಏನಾಯ್ತಕ್ಕಾ" ಎಂದ. ಹೇಳಿದೆ. ಮಾವನಿಗೆ ಹೇಳಲಾಗದ್ದನ್ನು, ಹೆಸರು ಗೊತ್ತಿಲ್ಲದ ಕಂಡಕ್ಟರನಿಗೆ, ಐವತ್ತು ಜನರ ಎದುರಿಗೆ ಹೇಳಿದೆ. ನಾನು ಬೀಳಿಸಿದ್ದು, ಸದ್ದು ಕೇಳಿದ್ದು, ಹೂಂ ಎಂದದ್ದು. ಡ್ರೈವರ್ ಹಿಂದಿರುಗಿ ನೋಡದೆ "ಇಲ್ಲಿ ಬಾನೆಟ್ ಮೇಲೆ ಕೂರ್ಸೋ ಅವ್ರನ್ನ" ಎಂದ. ಆಮೇಲೆ ಪ್ರತಿ ತಿರುವಿನಲ್ಲೂ ಅವನು ಬಸ್ಸನ್ನು ನಿಧಾನಿಸುತ್ತಿದ್ದ. ಕಿಟಕಿ ಪಕ್ಕದವರೆಲ್ಲ ತಲೆ ಹೊರಗೆ ಹಾಕಿ ರಸ್ತೆಯ ಎರಡೂ ಬದಿ ನೋಡುತ್ತಿದ್ದರು.

ಬಡವನಹಳ್ಳಿ ಇನ್ನೂ ಸ್ವಲ್ಪ ದೂರವಿತ್ತು. ಒಂದು ತಿರುವು ಮುಗಿಯುತ್ತಿದ್ದಂತೆ ರಸ್ತೆಯ ಪಕ್ಕದ ಮಣ್ಣಿನಲ್ಲಿ ಚಕ್ರವೊಂದು ಬಿದ್ದಿತ್ತು. ಬರೀ ಚಕ್ರ. ಮೋಟಾರ್ ಸೈಕಲ್ಲಿನ ಮುಂದಿನ ಚಕ್ರ.

ಕೂಗಿದೆನಂತೆ. ನನಗೆ ನೆನಪಿಲ್ಲ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದ್ದೆ. ಹುಣಿಸೇಮರದ ನೆರಳಿನಲ್ಲಿ ಟವೆಲ್ಲಿನ ಮೇಲೆ ನನ್ನ ಮಗಳು ಅಂಗಾತ ಮಲಗಿದ್ದಳು. ಅಲುಗಾಡುತ್ತಿರಲಿಲ್ಲ. ತಲೆಯ ಹೂವು ಕಳಚಿ ಪಕ್ಕದಲ್ಲಿ ಬಿದ್ದಿತ್ತು. ನನಗೂ ಅವಳಿಗೂ ನಡುವೆ ಇದ್ದದ್ದು ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯನ್ನು ನಾನು ಇವತ್ತಿಗೂ ನಡೆದು ಮುಗಿಸಿಲ್ಲವೇನೋ... ಅಷ್ಟರಲ್ಲಿ ಅವಳು ಕೈಯೆತ್ತಿ ಮೂಗಿನ ಮೇಲೆ ಕೂತ ನೊಣ ಓಡಿಸಿ, ಮಗ್ಗುಲಾಗಿ ಮತ್ತೆ ನಿದ್ದೆ ಹೋದಳು. ಬಾಯ ಸುತ್ತ ಕಡಲೆಕಾಯಿಯ ಸಿಪ್ಪೆ.

ಮಾವನವರು ಸ್ವಲ್ಪ ಆಚೆ, ರಸ್ತೆಯ ಅಂಚಿನಲ್ಲಿ ಮಂಡಿಯೂರಿ ನೆಲ ತಡವುತ್ತಿದ್ದರು. ಪಂಚೆ ಹರಿದಿತ್ತು. ಬಲ ಮೊಣಕಾಲಿನಿಂದ ಇಳಿದ ರಕ್ತ ಹಿಮ್ಮಡಿಯವರೆಗೂ ಹೋಗಿ ಒಣಗಿತ್ತು. ತಿರುವಿನಲ್ಲಿ ಹ್ಯಾಂಡಲ್ ಹಿಡಿದುಕೊಂಡಿದೆ. ಗಾಡಿ ನೇರ ಮಣ್ಣಿಗಿಳಿದಿದೆ. ಮಗುವನ್ನು ಎದೆಗೆ ಅವುಚಿಕೊಂಡು, ಗಾಡಿಯ ಭಾರವನ್ನೆಲ್ಲ ಆ ಒಂದು ಮೊಣಕಾಲಿಗೆ ಕೊಟ್ಟು ಬಿದ್ದಿದ್ದಾರೆ. ಅವಳಿಗೆ ಒಂದು ಗೀರೂ ಇಲ್ಲ. ಆ ಕಾಲಲ್ಲೇ ಎದ್ದು, ಟೂಲ್ಸಿನ ಚೀಲ ಬಿಚ್ಚಿ, ಚಕ್ರ ಕಳಚಿ, ಕವಲು ಇಳಿಸಿ ಗುಂಡು ಎಣಿಸಿದ್ದಾರೆ.

ತಲೆಯೆತ್ತಿ ನನ್ನನ್ನು ನೋಡಿದರು. ನಾನು ಅಲ್ಲಿಗೆ ಹೇಗೆ ಬಂದೆ ಎಂದು ಕೂಡ ಕೇಳಲಿಲ್ಲ. "ಕೆಳಗಿನ್ವು ಹದ್ನೆಂಟೇ ಸಿಕ್ದೋ ಕಣಮ್ಮ. ಇಲ್ಲೇ ಬಿಚ್ಚೋವಾಗ ಒಂದು ಬಿದ್ದೋಗೈತೆ, ಕಾಣ್ತಾ ಇಲ್ಲ. ನೀನಾದ್ರೂ ನೋಡು, ನಿನ್ ಕಣ್ಣು ಚುರುಕು" ಎಂದರು.

ಅಂಗೈ ಬಿಚ್ಚಿ ಅವರ ಮುಂದೆ ಹಿಡಿದೆ.

ಅದನ್ನು ಎತ್ತಿಕೊಂಡು ಎರಡು ಬೆರಳ ನಡುವೆ ಹೊರಳಿಸಿ ನೋಡಿದರು. ಆಮೇಲೆ "ಎಲ್ಲಿತ್ತು?" ಎಂದರು.

"ಒರಳುಕಲ್ಲಿನ ಬುಡದಾಗೆ."

"ಬಿದ್ದಿದ್ದು ಗೊತ್ತಿತ್ತಾ ನಿಂಗೆ?"

ಇಲ್ಲ ಎನ್ನಬಹುದಿತ್ತು. ಅವರು ನಂಬುತ್ತಿದ್ದರು. "ಸದ್ದು ಕೇಳಿಸ್ತು ಮಾವ. ನೀವು ಕೇಳ್ದಾಗ ಹೇಳೋಕೆ ಭಯ ಆಯ್ತು."

"ಯಾರ ಭಯ?"

ಅವರು ಕೂಗುತ್ತಾರೆಂದು ಕುತ್ತಿಗೆ ಒಳಗೆಳೆದುಕೊಂಡು ನಿಂತಿದ್ದೆ. ಅವರು ನನ್ನನ್ನು ಬಿಟ್ಟು ಮರದ ನೆರಳಿನ ಕಡೆ ನೋಡಿದರು. ಮಲಗಿದ್ದವಳನ್ನು ನೋಡುತ್ತಾ ನೋಡುತ್ತಾ ಗ್ರೀಸಿನ ಕೈಯಿಂದಲೇ ಮುಖ ಮುಚ್ಚಿಕೊಂಡರು. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಸದ್ದಿಲ್ಲದೆ ಅತ್ತರು. ನಿಂತಿದ್ದ ಬಸ್ಸಿನ ಡ್ರೈವರನಿಗೆ ಹೋಗುವಂತೆ ನಾನೇ ಕೈಬೀಸಿದೆ.

ಸ್ವಲ್ಪ ಹೊತ್ತಿನ ಮೇಲೆ, ನೆಲ ನೋಡುತ್ತಲೇ ಹೇಳಿದರು. "ನಂಗೂ ಭಯಾನೇ ಕಣಮ್ಮ. ಶೆಡ್ಡಿನಾಗೆ ಒಂದೊಂದು ಬಸ್ಸು ಆಚೆ ಹೋದಾಗ್ಲೂ ಹೊಟ್ಟೇಲಿ ಬೆಂಕಿ ಬಿದ್ದಂಗಾಗೋದು. ಐವತ್ತು ಜನ ಕೂತಿರ್ತಾರೆ, ನಾನು ಒಂದು ನಟ್ಟು ಮರೆತಿದ್ರೆ? ಆ ಭಯಕ್ಕೇ ಕೂಗಾಡೋದು. ಕೂಗಿದ್ರೆ ಎಲ್ಲಾರೂ ಹುಷಾರಾಗಿರ್ತಾರೆ ಅಂದ್ಕಂಡಿದ್ದೆ..." ಟೂಲ್ಸಿನ ಚೀಲದಿಂದ ಗ್ರೀಸಿನ ಡಬ್ಬಿ ತೆಗೆದರು.

ಮತ್ತೆ ಕೆಲಸ ಶುರುಮಾಡಿದೆವು. ಅವರು ಬಟ್ಟಲುಗಳನ್ನು ಒರೆಸಿ ಗ್ರೀಸು ಹಚ್ಚಿದರು. ನಾನು ಕೂತು ಗುಂಡು ಅಂಟಿಸಿದೆ. ಜೋರಾಗಿ ಎಣಿಸು ಎಂದರು. ಎಣಿಸಿದೆ. ಕವಲು ಎತ್ತಿ ಹಿಡಿದಾಗ ತೋಳು ಮತ್ತೆ ಸೋಲುತ್ತಿತ್ತು. ಈ ಸಲ ಬಾಯಿಬಿಟ್ಟೆ. "ಮಾವ, ಭಾರ ಆಗ್ತೈತೆ, ಕೈ ನಡುಗ್ತೈತೆ." ಅವರು ತಕ್ಷಣ ಸ್ಪ್ಯಾನರ್ ಬಿಟ್ಟು ಕೆಳಗೆ ಬಗ್ಗಿ, "ಇಳ್ಸು, ಇಳ್ಸು. ಸುಧಾರಿಸ್ಕ" ಎಂದರು. ಮೂರನೆಯ ಸಲಕ್ಕೆ ಕೂತಿತು. ಹ್ಯಾಂಡಲ್ ಹೊರಳಿಸಿ ನೋಡಿ, ನನ್ನ ಕೈಯಿಂದಲೂ ಹೊರಳಿಸಿ ನೋಡಿಸಿದರು.

ಅವರ ಮೊಣಕಾಲು ಅಷ್ಟು ಹೊತ್ತಿಗೆ ಊದಿ ಮಡಚಲು ಬಾರದಂತಾಗಿತ್ತು. ಕಿಕ್ ಹೊಡೆಯಲಾಗಲಿಲ್ಲ. "ನೀನು ಹೊಡಿ" ಎಂದರು. ಸೀರೆ ಎತ್ತಿ ಕಟ್ಟಿ, ಜೀವಮಾನದಲ್ಲಿ ಮೊದಲ ಸಲ ಕಿಕ್ ಹೊಡೆದೆ. ಐದಾರು ಸಲಕ್ಕೆ ಇಂಜಿನ್ ಹತ್ತಿಕೊಂಡಿತು. "ಮಗೀನ ಕರ್ಕಂಡು ನೀನು ಬಸ್ಸಿಗೆ ಬಾ, ನಾನು ಹೆಂಗೋ ಹೋಯ್ತೀನಿ" ಎಂದರು.

"ಬಸ್ಸು ಬ್ಯಾಡ ಮಾವ. ಹಿಂದೆ ಕೂತ್ಕಂತೀನಿ."

"ಭಯ ಆಗಲ್ವಾ?"

"ಆಗ್ತೈತೆ."

ಮಗಳನ್ನು ನಡುವೆ ಕೂರಿಸಿಕೊಂಡು ಹತ್ತಿದೆ. ಸಿರಾ ತಲುಪುವವರೆಗೂ ಸೈಕಲ್ಲಿನವರು ನಮ್ಮನ್ನು ದಾಟಿ ಹೋಗುತ್ತಿದ್ದರು. ಪ್ರತಿ ತಿರುವಿಗೂ ಮೊದಲು ಅವರು ಗಾಡಿಯನ್ನು ಪೂರ್ತಿ ನಿಧಾನಿಸಿ, ಹ್ಯಾಂಡಲನ್ನು ಅತ್ತಿತ್ತ ಅಲುಗಿಸಿ ನೋಡುತ್ತಿದ್ದರು. ಅವರ ಬೆನ್ನಿನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಹಿಡಿದುಕೊಂಡಿದ್ದ ನನ್ನ ಕೈಗೂ ಅದೇ ಒದ್ದೆ.

ನಾದಿನಿಯ ಮನೆಯ ಬಾಗಿಲಲ್ಲಿ ಅತ್ತೆ ಆ ಕಾಲನ್ನು ನೋಡಿ ಎದೆ ಬಡಿದುಕೊಂಡರು. ನಾನು ಮುಂದೆ ಬಂದು ಬಾಯಿ ತೆರೆಯುವಷ್ಟರಲ್ಲಿ ಮಾವನವರು "ನಾಯಿ ಅಡ್ಡ ಬಂತು" ಎಂದುಬಿಟ್ಟರು. "ಬಡವನಹಳ್ಳಿ ಹತ್ರ. ದರಿದ್ರ ನಾಯಿ." ಅಷ್ಟು ಹೇಳಿ ನನ್ನ ಕಡೆ ನೋಡದೆ ಒಳಗೆ ಹೋದರು. ಬಟ್ಟೆ ಅಂಗಡಿಯ ಸಾಬರು ಫೋನಿನ ವಿಷಯ ಎತ್ತಿದಾಗ, ಸೊಸೆಗೆ ಕೆಟ್ಟ ಕನಸು ಬಿದ್ದಿತ್ತಂತೆ ಎಂದು ಅದನ್ನೂ ಮುಚ್ಚಿದರು.

ಆ ಮೊಣಕಾಲು ಮತ್ತೆ ಸರಿಹೋಗಲಿಲ್ಲ. ಚಿಪ್ಪು ಒಡೆದಿತ್ತಂತೆ. ಕಟ್ಟು ಹಾಕಿಸಿದರು, ಎಣ್ಣೆ ತಿಕ್ಕಿಸಿದರು, ಆದರೂ ಕುಂಟು ಉಳಿಯಿತು. ಯಾರು ಕೇಳಿದರೂ ಅದೇ ನಾಯಿ. ನನ್ನ ಗಂಡನಿಗೂ ಅದೇ ನಾಯಿ. ನಾನು ನಿಜ ಹೇಳಿಬಿಡುತ್ತೇನೆ ಎಂದು ಒಮ್ಮೆ ಅವರ ಬಳಿ ಹೋದಾಗ, "ಹೇಳ್ಬೇಕಾದೋನ್ಗೆ ಹೇಳಿದ್ದೀಯಲ್ಲ, ಸಾಕು ಬುಡು" ಎಂದರು. ಕೂಗುವುದು ಒಂದೇ ದಿನಕ್ಕೆ ನಿಂತಿತು ಎಂದರೆ ಉತ್ಪ್ರೇಕ್ಷೆಯಾಗುತ್ತದೆ. ಆಗಾಗ ಗಂಟಲು ಏರುತ್ತಿತ್ತು. ಏರಿದ ಅರ್ಧದಲ್ಲೇ ನನ್ನ ಮುಖ ನೋಡಿ ತಡೆದುಕೊಳ್ಳುತ್ತಿದ್ದರು. ನಾನೂ ಪಾತ್ರೆ ಒಡೆದರೆ, ಹಾಲು ಉಕ್ಕಿಸಿದರೆ, ನೇರ ಹೋಗಿ ನಿಂತು "ಮಾವ, ಹಿಂಗಾಯ್ತು" ಎನ್ನುತ್ತಿದ್ದೆ. ಹೆದರುತ್ತಲೇ ಹೇಳುತ್ತಿದ್ದೆ. ಮುಂದೆ ನಾನು ಸ್ಕೂಟರ್ ಕಲಿಯುತ್ತೇನೆ ಎಂದಾಗ ಮನೆಯಲ್ಲಿ ಬೇಡ ಎನ್ನದವರು ಅವರೊಬ್ಬರೇ.

ಎಂಟು ವರ್ಷದ ಹಿಂದೆ ಅವರಿಗೆ ಕಾಯಿಲೆ ಕಾಣಿಸಿತು. ಹೊಟ್ಟೆಯೊಳಗಿನದು, ವಾಸಿಯಾಗುವಂಥದಲ್ಲ ಎಂದು ಡಾಕ್ಟರು ನಮಗೆ ಹೇಳಿದರು. ಅವರಿಗೆ ಹೇಳುವುದು ಬೇಡ, ಧೈರ್ಯ ಕಳೆದುಕೊಳ್ಳುತ್ತಾರೆ ಎಂದು ನನ್ನ ಗಂಡ, ಅತ್ತೆ, ನಾದಿನಿ ಎಲ್ಲರೂ ತೀರ್ಮಾನಿಸಿದರು. ಅಲ್ಸರು ಎಂದು ಹೇಳಿಟ್ಟರು. ಅವರು ಯಾರನ್ನೂ ಏನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದಾಗ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ನನ್ನನ್ನು ಕೇಳಿದರು.

"ಏನಂದ್ರಮ್ಮ ಡಾಕ್ಟ್ರು?"

ಲೋಟವನ್ನು ಸ್ಟೂಲಿನ ಮೇಲಿಟ್ಟೆ. ಮನೆಯವರೆಲ್ಲ ಬೇಡವೆಂದದ್ದು ಗೊತ್ತಿತ್ತು. ಹೇಳಿದರೆ ಗಂಡ ಏನೆನ್ನುತ್ತಾರೋ ಎಂಬ ಭಯ ಒಂದು ಕಡೆ, ಹೇಳಿದ ಮೇಲೆ ಇವರ ಮುಖ ಹೇಗೆ ನೋಡಲಿ ಎಂಬ ಭಯ ಇನ್ನೊಂದು ಕಡೆ. ಆದರೆ ಅವರು ಕೇಳಿದ್ದರು. ಅವರು ಕೇಳಿದಾಗ ಇನ್ನೊಮ್ಮೆ ಸುಳ್ಳು ಹೇಳುವುದು ನನ್ನಿಂದ ಆಗುವಂತಿರಲಿಲ್ಲ. ಹಾಸಿಗೆಯ ಪಕ್ಕ ಕೂತು, ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ.

ಅವರು ತಲೆಯಾಡಿಸಿದರು. ಆಮೇಲೆ ಕೇಳಿದರು. "ಭಯ ಆಗ್ತೈತೇನಮ್ಮ ನಿಂಗೆ?"

"ಹೂಂ ಮಾವ."

"ನಂಗೂ" ಎಂದರು. ಗಂಜಿ ಲೋಟಕ್ಕೆ ಕೈ ಚಾಚಿದರು.

ಎರಡು ತಿಂಗಳಿಗೆ ಹೋದರು. ಕೊನೆಯ ದಿನಗಳಲ್ಲಿ ಮಗನನ್ನು ಕರೆದು ಯಾವ ಹೊಲದ ಬದು ಎಲ್ಲಿದೆ ಎಂದು ಹೇಳಿದರು, ಸಿರಾಕ್ಕೆ ಹೋಗಿ ಮಗಳ ಮನೆಯಲ್ಲಿ ಒಂದು ವಾರ ಇದ್ದು ಬಂದರು, ಅತ್ತೆಯ ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿದರು. ಗೊತ್ತಿದ್ದವರು ಮಾಡುವ ಕೆಲಸಗಳು ಅವು. ಅವರಿಗೆ ಹೇಗೆ ಗೊತ್ತಾಯಿತೋ ಎಂದು ನನ್ನ ಗಂಡ ಮೊನ್ನೆ ಮೊನ್ನೆಯವರೆಗೂ ಒಮ್ಮೊಮ್ಮೆ ಆಶ್ಚರ್ಯಪಡುತ್ತಿದ್ದರು.

ಹೋದ ತಿಂಗಳು ಆ ಗ್ಯಾರೇಜಿನಲ್ಲಿ ಪಂಚರ್ ಹಾಕಿಸಿಕೊಂಡು ಮನೆಗೆ ಬಂದವಳು, ರೊಟ್ಟಿಗೆ ಹಿಟ್ಟು ಕಲೆಸುತ್ತಾ ಗಂಡನಿಗೆ ಎಲ್ಲವನ್ನೂ ಹೇಳಿದೆ. ಹುಬ್ಬಳ್ಳಿಗೆ ಅವರು ಹೋಗಿದ್ದ ದಿನದಿಂದ ಹಿಡಿದು ಆ ಗಂಜಿಯ ಲೋಟದವರೆಗೆ. ಅವರು ಕೋಪಿಸಿಕೊಳ್ಳಲಿಲ್ಲ. "ಅಪ್ಪ ನನ್ನತ್ರ ಯಾವತ್ತೂ ಭಯ ಅಂತ ಒಂದು ಮಾತು ಹೇಳ್ಲಿಲ್ಲ" ಎಂದರು. ಆ ದನಿಯಲ್ಲಿ ಹೊಟ್ಟೆಕಿಚ್ಚಿತ್ತು. ನಾನು ಮೊದಲ ರೊಟ್ಟಿ ತಟ್ಟಿ ಕಾವಲಿಗೆ ಹಾಕಿದೆ.

ಮಗಳು ಈಗ ಬಡವನಹಳ್ಳಿಯಲ್ಲಿ ನರ್ಸು. ದಿನವೂ ಅದೇ ರಸ್ತೆಯಲ್ಲಿ ತನ್ನ ಗಾಡಿಯಲ್ಲಿ ಓಡಾಡುತ್ತಾಳೆ. ಅವಳಿಗೆ ಆ ದಿನದ್ದು ಏನೂ ನೆನಪಿಲ್ಲ, ಆ ಹುಣಿಸೇಮರವೂ ಈಗ ಅಲ್ಲಿಲ್ಲ. ರಸ್ತೆ ಅಗಲ ಮಾಡುವಾಗ ಕಡಿದರು. ಅವಳು ತಡವಾಗಿ ಬಂದ ಸಂಜೆ ನಾನು ಬಾಗಿಲಿಗೂ ಬೀದಿಗೂ ತಿರುಗುತ್ತೇನೆ. ಮನೆಯವರು ನಗುತ್ತಾರೆ, ಫೋನ್ ಇದೆಯಲ್ಲ ಮಾಡು ಎನ್ನುತ್ತಾರೆ. ಅವರು ಹೇಳುವುದು ಸರಿಯೇ. "ನಂಗೂ ಭಯ ಕಣಮ್ಮ" ಎಂದು ಜೊತೆಗೆ ಬಂದು ನಿಲ್ಲುತ್ತಿದ್ದ ಮಾವನವರು ಇಲ್ಲ, ಅಷ್ಟೇ.